ಅಪ್ಪೆಮರಕ್ಕೆ ಟಾರ್ಗೆಟ್ ಹಾಕಬೇಡಿ

ಪ್ರಶ್ನೆ: ಮನೆಯಲ್ಲೇ ಅಪ್ಪೆಮಿಡಿ (ಪರಿಮಳದ ಎಳೆ ಮಾವಿನಕಾಯಿ) ಉಪ್ಪಿನಕಾಯಿ ಮಾಡಿ ಮಾರುತ್ತೇನೆ. ಸಾಲ ಕೇಳಲು ಹೋದರೆ, ಪ್ರತಿ ವರ್ಷ ಮಾರಾಟ ಶೇ 30 ಹೆಚ್ಚಿಸುವ ಗುರಿ ಬರೆದು ತನ್ನಿ ಎಂದರು. ಏನು ಬರೆಯಲಿ? ಅಂದ ಹಾಗೆ, ಜೊತೆಗೆ ನಾಲ್ವರು ಹೆಂಗಸರಿದ್ದಾರೆ.
– ಓದುಗರೊಬ್ಬರು, ಸಾಗರ ತಾಲ್ಲೂಕು

ಉತ್ತರ: ಗುರಿ ಬರೆಯುವುದು ಒಳ್ಳೆಯದೇ. ಗುರಿ ಸ್ಪಷ್ಟವಾಗಿರಬೇಕು, ಅಳೆಯುವಂತಿರಬೇಕು, ಯಾರು ಮಾಡಬೇಕು, ಯಾವಾಗ ಮುಗಿಯಬೇಕು ಅಂತ ಗೊತ್ತಿರಬೇಕು ಎಂದು ಅಮೆರಿಕದ ನಿರ್ವಹಣಾ ಸಲಹೆಗಾರ ಜಾರ್ಜ್ ಡೋರನ್ 1981ರಲ್ಲಿ ಬರೆದರು. ಒಪ್ಪೋಣ.

ಆದರೆ ಈ ಶೇ 30 ಎಲ್ಲಿಂದ ಬಂತು? ನಿಮ್ಮ ಮಿಡಿ ಬರುವುದು ಹೊಳೆದಂಡೆಯ, ಕಾಡಂಚಿನ ಮರಗಳಿಂದ. ಒಂದು ವರ್ಷ ಮರದ ತುಂಬ ಬಿಟ್ಟರೆ ಮರುವರ್ಷ ಬರೀ ಎಲೆ. ಹೂ ಬಿಡುವಾಗ ಮೋಡ ಕವಿದರೆ ಅದೂ ಮುಗೀತು. ಅಂಥ ವರ್ಷವೂ ಬೇಕೇ ಬೇಕು ಅಂತ ಕೂತರೆ ಕೊಯ್ಯುವವರು ಕೊಂಬೆಯನ್ನೇ ಕಡಿದು ಕೆಡವುತ್ತಾರೆ. ನಮ್ಮ ಕಡೆ ಇದು ಈಗಾಗಲೇ ನಡೆಯುತ್ತಿದೆ, ಅಲ್ವಾ? ಸೊನೆ ಸಾಲದ, ಪರಿಮಳವಿಲ್ಲದ ಯಾವುದೋ ಮಿಡಿ ಭರಣಿ ಸೇರುತ್ತದೆ. ಆ ವರ್ಷದ ಮಾರಾಟ ಮಾತ್ರ ಹೆಚ್ಚಿರುತ್ತದೆ.

ದೊಡ್ಡವರೂ ಇಲ್ಲೇ ಎಡವಿದ್ದಾರೆ. ಅಮೆರಿಕದ ವೆಲ್ಸ್ ಫಾರ್ಗೋ ಬ್ಯಾಂಕಿನಲ್ಲಿ ಒಬ್ಬೊಬ್ಬ ಗ್ರಾಹಕರಿಗೆ 8 ಬಗೆಯ ಸೇವೆ ಮಾರಬೇಕೆಂಬ ಗುರಿ ಇತ್ತು. ಒತ್ತಡ ತಾಳದ ಸಿಬ್ಬಂದಿ ಗ್ರಾಹಕರಿಗೆ ತಿಳಿಸದೆಯೇ ಖಾತೆ ತೆರೆದರು. 2016ರಲ್ಲಿ 18.5 ಕೋಟಿ ಡಾಲರ್ ದಂಡ ಬಿತ್ತು. ಸುಮಾರು 5,300 ಜನ ಕೆಲಸ ಕಳೆದುಕೊಂಡರು.

ಲಾಭ ಒಂದನ್ನೇ ನೋಡಬೇಡಿ, ಎಂಟು ಕಡೆ ಗುರಿ ಇಡಿ ಎಂದು ನಿರ್ವಹಣಾ ಚಿಂತಕ ಪೀಟರ್ ಡ್ರಕರ್ 1954ರಲ್ಲೇ ಹೇಳಿದ್ದರು. ಕೆಲಸಗಾರರ ಮನೋಭಾವ, ಸಮಾಜದ ಹೊಣೆ ಎರಡೂ ಅದರಲ್ಲಿದ್ದವು. ಎಪ್ಪತ್ತು ವರ್ಷವಾದರೂ ಸಾಲದ ಅರ್ಜಿಗೆ ಆ ಮಾತು ತಲುಪಿಲ್ಲ.

ನಿಮ್ಮ ಮೇಲೂ ನನಗೊಂದು ಬೇಜಾರಿದೆ. ಆ ನಾಲ್ವರನ್ನು ಕೊನೆಯ ಸಾಲಿನಲ್ಲಿ ಸುಮ್ನೆ ಹೇಳಿ ಬಿಟ್ಟಿರಿ. ಅವರೇ ನಿಮ್ಮ ಮೊದಲ ಗುರಿ ಆಗಬೇಕು. ಮಳೆಗಾಲದಲ್ಲೂ ನಾಲ್ವರಿಗೆ ಕೆಲಸ ಕೊಡುತ್ತೇನೆ ಅಂತ ಬರೆಯಿರಿ. ಮಿಡಿ ತಂದವರಿಗೆ ವಾರದೊಳಗೆ ಹಣ ಕೊಡುತ್ತೇನೆ, ಕೊಂಬೆ ಕಡಿದ ಮಿಡಿ ಕೊಳ್ಳುವುದಿಲ್ಲ, ಹಳೆಯ ಗಿರಾಕಿಗಳಲ್ಲಿ ಎಷ್ಟು ಜನ ಮರಳಿ ಬಂದರೆಂದು ಲೆಕ್ಕ ಇಡುತ್ತೇನೆ ಅಂತ ಬರೆಯಿರಿ. ಇವೆಲ್ಲ ಅಳೆಯಬಹುದಾದ ಸಂಗತಿಗಳೇ. ಮಾರಾಟದ ಅಂಕಿ ಬೇಕೇ ಬೇಕೆಂದರೆ ಮೂರು ವರ್ಷದ ಸರಾಸರಿ ಕೊಡಿ. ಮರ ಕೈಕೊಟ್ಟ ವರ್ಷವೂ ಅದರಲ್ಲಿ ಸೇರಲಿ.

ಉದ್ಯಮಿಗಳಿಗೆ ಸನ್ಮಾನ ಮಾಡುವ ಸಭೆಗಳಲ್ಲೂ ಮೊದಲು ಓದುವುದು ವಹಿವಾಟನ್ನೇ. ಎಷ್ಟು ಮನೆಯ ಒಲೆ ಅವರಿಂದ ಉರಿಯುತ್ತಿದೆ ಅಂತ ಯಾರೂ ಓದುವುದಿಲ್ಲ. ನೀವು ಬರೆದದ್ದರ ಒಂದು ಪ್ರತಿ ನಮಗೂ ಕಳಿಸಿ, ಅಚ್ಚು ಹಾಕುತ್ತೇವೆ.