ಟೈಮ್‌ಶೇರ್ ಬಿಡಿಸಿಕೊಡ್ತೀವಿ ಅಂತ ಫೋನ್ ಬಂದಿದೆ, ದುಡ್ಡು ಕಟ್ಟಬಹುದಾ?

ಪ್ರಶ್ನೆ: ನಾವು ಅಮೆರಿಕದಲ್ಲಿರುವ ದಂಪತಿ. 2015ರಲ್ಲಿ ಮಕ್ಕಳ ಜತೆ ಫ್ಲಾರಿಡಾದ ಓರ್ಲ್ಯಾಂಡೊಗೆ ಹೋಗಿದ್ದಾಗ ಒಂದು ರಿಸಾರ್ಟ್‌ನಲ್ಲಿ ಟೈಮ್‌ಶೇರ್ (ವರ್ಷಕ್ಕೆ ಇಂತಿಷ್ಟು ದಿನ ಅಲ್ಲಿ ತಂಗುವ ಹಕ್ಕು) ತಗೊಂಡೆವು. ಸಾಲ ತೀರಿದೆ. ಆದರೆ ಮೇಂಟೆನೆನ್ಸ್ ಫೀ ವರ್ಷ ವರ್ಷ ಏರುತ್ತಲೇ ಇದೆ. ನಾವು ಅಲ್ಲಿಗೆ ಹೋಗಿ ನಾಲ್ಕು ವರ್ಷವಾಯಿತು. ಈಗ ಯಾವುದೋ ಕಂಪನಿಯವರು ಫೋನ್ ಮಾಡಿ, 5,000 ಡಾಲರ್ ಕಟ್ಟಿದರೆ ಪೂರ್ತಿ ಬಿಡಿಸಿಕೊಡುತ್ತೇವೆ, ಆಗದಿದ್ದರೆ ಹಣ ವಾಪಸ್ ಅನ್ನುತ್ತಿದ್ದಾರೆ. ಈಗ ಬಿಡಿಸಿಕೊಳ್ಳದಿದ್ದರೆ ನಮ್ಮ ನಂತರ ಮಕ್ಕಳ ತಲೆಗೆ ಬರುತ್ತದಂತೆ. ಏನು ಮಾಡುವುದು?

ಉತ್ತರ: ಕಟ್ಟಬೇಡಿ. ಅವರಿಗೆ ವಾಪಸ್ ಫೋನೂ ಮಾಡಬೇಡಿ. ಮೊದಲ ಫೋನ್ ಹೋಗಬೇಕಾದದ್ದು ನಿಮ್ಮ ರಿಸಾರ್ಟ್‌ಗೆ.

ವಿಚಿತ್ರ ಅನ್ನಿಸಬಹುದು. ತಲೆಗೆ ಕಟ್ಟಿದವರನ್ನೇ ಬಿಡಿಸಿ ಅಂತ ಕೇಳೋದಾ ಅಂತ. ಆದರೆ ಟೈಮ್‌ಶೇರ್ ವಾಪಸ್ ತಗೊಳ್ಳುವ ಅಧಿಕಾರ ಇರೋದು ಅವರಿಗೇ ಅಲ್ವಾ? ಹಲವು ದೊಡ್ಡ ಕಂಪನಿಗಳು ಇದಕ್ಕೆ ಪ್ರತ್ಯೇಕ ವ್ಯವಸ್ಥೆಯನ್ನೇ ಇಟ್ಟಿವೆ. ವಿಂಡಮ್ ಅನ್ನುವ ಟೈಮ್‌ಶೇರ್ ಕಂಪನಿಯಲ್ಲಿ ಅದಕ್ಕೆ 'ಸರ್ಟಿಫೈಡ್ ಎಕ್ಸಿಟ್' ಅಂತ ಹೆಸರು. ಸಾಲ ತೀರಿರಬೇಕು, ಫೀ ಬಾಕಿ ಇರಬಾರದು ಅನ್ನುವುದು ಸಾಮಾನ್ಯವಾಗಿ ಅವರ ಮೊದಲ ಷರತ್ತು. ನಿಮ್ಮ ಸಾಲ ತೀರಿದೆ, ಅದೇ ದೊಡ್ಡ ಅನುಕೂಲ.

ಫೋನ್ ಮಾಡಿದಾಗ ಮಾರಾಟ ವಿಭಾಗಕ್ಕೆ ಸಿಕ್ಕಿಕೊಳ್ಳಬೇಡಿ. ಅವರು 'ಇನ್ನಷ್ಟು ಪಾಯಿಂಟ್ಸ್ (ತಂಗಲು ಬಳಸುವ ಅಂಕಗಳು) ತಗೊಳ್ಳಿ, ಆಮೇಲೆ ಬಿಡೋದು ಸುಲಭ' ಅಂತ ಇನ್ನೊಂದು ಸಾಲ ಅಂಟಿಸುತ್ತಾರೆ. 'ಡೀಡ್ (ಮಾಲೀಕತ್ವದ ಪತ್ರ) ವಾಪಸ್ ಕೊಡಬೇಕು, ಆ ವಿಭಾಗಕ್ಕೆ ಕನೆಕ್ಟ್ ಮಾಡಿ' ಅಂತ ಅಷ್ಟೇ ಹೇಳಿ. ಇದನ್ನೇ ಪತ್ರದಲ್ಲೂ ಬರೆದು ಕಳಿಸಿ, ಪ್ರತಿ ಇಟ್ಟುಕೊಳ್ಳಿ. ಒಮ್ಮೆ ಇಲ್ಲ ಅಂದರೆ ಕೆಲವು ತಿಂಗಳು ಬಿಟ್ಟು ಮತ್ತೆ ಕೇಳಿ. ಒಪ್ಪಿದರೆ ಒಂದಿಷ್ಟು ಶುಲ್ಕ ಕೇಳಬಹುದು. ಫೋನಿನವರ 5,000ಕ್ಕೆ ಹೋಲಿಸಿ ನೋಡಿ. ಕೊನೆಗೆ ಕೌಂಟಿ (ರಿಸಾರ್ಟ್ ಇರುವ ಜಿಲ್ಲೆಯ) ದಾಖಲೆಯಿಂದ ನಿಮ್ಮ ಹೆಸರು ತೆಗೆದಿದ್ದಾರಾ ಅಂತ ನೀವೇ ಪರಿಶೀಲಿಸಿ. ಅದು ಆಗುವ ತನಕ ಬಿಡುಗಡೆ ಆಯಿತು ಅಂದುಕೊಳ್ಳಬೇಡಿ.

ಇನ್ನು ಆ ಫೋನಿನವರ ವಿಷಯ. ಇಂಥವರ ಆಟ ಬಹುಪಾಲು ಒಂದೇ ಥರ. ಪೂರ್ತಿ ಹಣ ಮೊದಲೇ ತಗೊಳ್ಳುತ್ತಾರೆ. ಆಮೇಲೆ 'ಫೀ ಕಟ್ಟೋದು ನಿಲ್ಲಿಸಿ, ರಿಸಾರ್ಟ್‌ನವರ ಜತೆ ಮಾತಾಡಬೇಡಿ, ಎಲ್ಲ ನಾವು ನೋಡಿಕೊಳ್ಳುತ್ತೇವೆ' ಅನ್ನುತ್ತಾರೆ. ನೀವು ನಿಲ್ಲಿಸುತ್ತೀರಿ. ಬಾಕಿ ಬೆಳೆಯುತ್ತದೆ, ವಸೂಲಿಯವರು ಬರುತ್ತಾರೆ, ಕ್ರೆಡಿಟ್ ರಿಪೋರ್ಟ್‌ನಲ್ಲಿ 7 ವರ್ಷ ಉಳಿಯುವಂಥ ಕಲೆ ಬೀಳುತ್ತದೆ. ರಿಸಾರ್ಟ್ ಫೋರ್‌ಕ್ಲೋಷರ್ (ಬಾಕಿಗಾಗಿ ಜಪ್ತಿ) ಮಾಡಿ ಟೈಮ್‌ಶೇರ್ ಕಿತ್ತುಕೊಂಡ ದಿನ ಇವರು 'ನೋಡಿ, ಬಿಡಿಸಿದೆವು' ಅನ್ನುತ್ತಾರೆ! ಫೀ ಕಟ್ಟದೆ ಸುಮ್ನೆ ಕೂತಿದ್ದರೂ ಆಗುತ್ತಿದ್ದ ಅನಾಹುತಕ್ಕೆ 5,000 ಡಾಲರ್ ಕೂಲಿ. ಹಣ ವಾಪಸ್ ಗ್ಯಾರಂಟಿಯೂ ಅಷ್ಟೇ. ಕಂಪನಿ ಬಾಗಿಲು ಹಾಕಿದ ಮೇಲೆ ಯಾರನ್ನು ಕೇಳುತ್ತೀರಿ?

ಇದು ಸುಮ್ನೆ ಹೆದರಿಸುವ ಮಾತಲ್ಲ. 2022ರ ನವೆಂಬರ್‌ನಲ್ಲಿ ಗ್ರಾಹಕರ ಹಿತ ಕಾಯುವ ಅಮೆರಿಕದ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ ಮತ್ತು ವಿಸ್ಕಾನ್ಸಿನ್ ರಾಜ್ಯ ಸೇರಿ ಇಂಥದ್ದೇ ಒಂದು ಜಾಲದ ಮೇಲೆ ದಾವೆ ಹೂಡಿದವು. 9 ಕೋಟಿ ಡಾಲರ್‌ಗೂ ಜಾಸ್ತಿ ಹಣವನ್ನು ಜನರಿಂದ, ಅದರಲ್ಲೂ ಹೆಚ್ಚಾಗಿ ವಯಸ್ಸಾದವರಿಂದ, ಕಿತ್ತುಕೊಂಡರು ಅನ್ನುವುದು ಆರೋಪ.

ಇನ್ನೊಂದು ಥರದ ಫೋನ್ ಬರುತ್ತದೆ, ಇದು ಇನ್ನೂ ಸಿಹಿ: 'ನಿಮ್ಮ ಟೈಮ್‌ಶೇರ್‌ಗೆ ಕೊಳ್ಳುವವರು ರೆಡಿ ಇದ್ದಾರೆ, ತೆರಿಗೆ ಮೊದಲು ಕಳಿಸಿ.' ಮೆಕ್ಸಿಕೊದಲ್ಲಿ ಟೈಮ್‌ಶೇರ್ ಇರುವವರಿಗೆ ಈ ಕಾಟ ಜಾಸ್ತಿ. ಇದರ ಹಿಂದೆ ಅಲ್ಲಿನ ಡ್ರಗ್ಸ್ ಗ್ಯಾಂಗ್‌ಗಳೇ ಇವೆ ಅಂತ ಅಮೆರಿಕದ ಖಜಾನೆ ಇಲಾಖೆ 2024ರಲ್ಲಿ ಎಚ್ಚರಿಸಿದೆ. 2019ರಿಂದ 2023ರ ನಡುವೆ ಸುಮಾರು 6,000 ಅಮೆರಿಕನ್ನರು 30 ಕೋಟಿ ಡಾಲರ್ ಹತ್ತಿರ ಕಳೆದುಕೊಂಡಿದ್ದಾರೆ.

ನೀವೇ ಮಾರಬಹುದಾ? ಪ್ರಯತ್ನಿಸಿ, ಆದರೆ ಆಸೆ ಇಟ್ಟುಕೊಳ್ಳಬೇಡಿ. ಎಷ್ಟೋ ಟೈಮ್‌ಶೇರ್‌ಗಳು ಒಂದು ಡಾಲರ್‌ಗೆ ಕೊಡುತ್ತೇವೆಂದರೂ ಕೇಳುವವರಿಲ್ಲ. ಕೊಟ್ಟ ಹಣ ಹೋಯಿತು, ಮುಂದಿನ ಫೀ ಉಳಿಸೋಣ ಅಂತ ಲೆಕ್ಕ ಹಾಕುವುದೇ ಒಳ್ಳೆಯದು.

ಹೊಸದಾಗಿ ತಗೊಂಡ ಓದುಗರು ಯಾರಾದರೂ ಇದ್ದರೆ ಕಾಗದ ಈಗಲೇ ತೆಗೆಯಿರಿ. ಫ್ಲಾರಿಡಾದಲ್ಲಿ 10 ದಿನ, ಕ್ಯಾಲಿಫೋರ್ನಿಯಾದಲ್ಲಿ 7 ದಿನ, ನೆವಾಡಾದಲ್ಲಿ 5 ದಿನದೊಳಗೆ ಬರೆದು ಕೊಟ್ಟರೆ ಕಾರಣ ಹೇಳದೆಯೇ ರದ್ದು ಮಾಡಬಹುದು. ಯಾವ ವಿಳಾಸಕ್ಕೆ, ಹೇಗೆ ಕಳಿಸಬೇಕು ಅನ್ನುವುದು ಒಪ್ಪಂದದಲ್ಲೇ ಇರುತ್ತದೆ.

ಮಕ್ಕಳ ಚಿಂತೆಗೆ ಬರೋಣ. ಫೋನಿನವರು ಅರ್ಧ ಸತ್ಯ ಹೇಳಿ ಹೆದರಿಸಿದ್ದಾರೆ. ಟೈಮ್‌ಶೇರ್ ಆಸ್ತಿಯ ಜತೆ ಮಕ್ಕಳಿಗೆ ಬರಬಹುದು, ನಿಜ. ಆದರೆ ಬೇಡ ಅನ್ನುವ ಹಕ್ಕು ಅವರಿಗಿದೆ. ಸಾಮಾನ್ಯವಾಗಿ ನಿಮ್ಮ ನಂತರದ 9 ತಿಂಗಳೊಳಗೆ, ವಕೀಲರ ಸಹಾಯದಿಂದ, ಲಿಖಿತವಾಗಿ ನಿರಾಕರಿಸಬೇಕು. ಅಷ್ಟರಲ್ಲಿ ಒಂದು ವಾರವೂ ಅಲ್ಲಿ ಹೋಗಿ ಇದ್ದು ಬರಬಾರದು. ಆದರೆ ಡೀಡ್‌ನಲ್ಲಿ ಅವರ ಹೆಸರನ್ನೂ ಸೇರಿಸಿದ್ದರೆ ಈ ದಾರಿ ಇಲ್ಲ, ಅವರು ಈಗಾಗಲೇ ಮಾಲೀಕರು. ರಿಸಾರ್ಟ್‌ಗೆ ಫೋನ್ ಮಾಡುವ ಮೊದಲು ಡೀಡ್‌ನಲ್ಲಿ ಯಾರ್ಯಾರ ಹೆಸರಿದೆ ಅಂತ ನೋಡಿಬಿಡಿ. ವಾಪಸ್ ಕೊಡುವಾಗ ಅವರೆಲ್ಲರ ಸಹಿಯೂ ಬೇಕಾಗುತ್ತದೆ.