‘ಮೂಲ: ಗೂಗಲ್’ ಅಂತ ಬರೆದರೆ ಅನುಮತಿ ಸಿಕ್ಕಂತಲ್ಲ

ಪ್ರಶ್ನೆ: ಪಾಠಕ್ಕೆಂದು ಸ್ಲೈಡ್ ಮಾಡಿದ್ದೆ. ಚಿತ್ರಗಳೆಲ್ಲ ನೆಟ್‌ನಲ್ಲಿ ಸಿಕ್ಕಿದ್ದು. ಕೆಳಗೆ ‘ಮೂಲ: ಗೂಗಲ್’ ಅಂತ ಹಾಕಿದ್ದೇನೆ. ಈಗ ಅದನ್ನೇ ವಿಡಿಯೊ ಮಾಡಿ ಯೂಟ್ಯೂಬ್‌ಗೆ ಹಾಕಬಹುದಾ?

ಉತ್ತರ: ಈ ಪ್ರಶ್ನೆ ಬರದ ವಾರವೇ ಇಲ್ಲ. ಗೂಗಲ್ ಹುಡುಕಿ ತೋರಿಸಿದೆ ಅಷ್ಟೆ, ಚಿತ್ರದ ಒಡೆಯರು ಬೇರೆ ಯಾರೋ. ಹೆಸರು ಹಾಕುವುದು ಬೇರೆ, ಅನುಮತಿ ಪಡೆಯುವುದು ಬೇರೆ. ನೀವು ಎರಡನ್ನೂ ಮಾಡಿಲ್ಲ.

ಪಾಠಕ್ಕೆ ಬೇಕಾದಷ್ಟನ್ನು, ಮೂಲ ಹೇಳಿ ಬಳಸಲು ದೇಶಗಳು ರಿಯಾಯಿತಿ ಕೊಡಬಹುದು ಅಂತ ಕಾಪಿರೈಟ್ ಬಗ್ಗೆ ದೇಶಗಳು ಮಾಡಿಕೊಂಡ ಬರ್ನ್ ಒಪ್ಪಂದದಲ್ಲೇ ಇದೆ. ಎಷ್ಟು ಅನ್ನುವುದು ಆಯಾ ದೇಶದ ಕಾನೂನಿಗೆ ಬಿಟ್ಟಿದ್ದು. ಆದರೆ ನಾಲ್ಕು ಗೋಡೆಯೊಳಗೆ ಮಕ್ಕಳಿಗೆ ತೋರಿಸುವುದೂ ಇಡೀ ಜಗತ್ತು ನೋಡುವ ಹಾಗೆ ಹಾಕುವುದೂ ಒಂದೇ ಅಲ್ಲ. ‘ಶೈಕ್ಷಣಿಕ ಉದ್ದೇಶಕ್ಕೆ ಮಾತ್ರ’ ಅಂತ ಒಂದು ಸಾಲು ಸೇರಿಸಿದರೆ ಸಾಕು ಅಂತ ಕೆಲವು ತರಬೇತುದಾರರು ಹೇಳಿಕೊಡುತ್ತಾರಲ್ಲ, ಅದು ಶುದ್ಧ ಸುಳ್ಳು. ಆ ಸಾಲಿಗೆ ಯಾವ ಬಲವೂ ಇಲ್ಲ.

ವಿಡಿಯೊ ಮಾಡಲೇಬೇಕಾ? ಚಿತ್ರಗಳನ್ನು ಬದಲಾಯಿಸಿ. ಮುಕ್ತವಾಗಿ ಬಳಸಬಹುದಾದ ಚಿತ್ರಗಳ ಸಂಗ್ರಹವಾದ ವಿಕಿಮೀಡಿಯ ಕಾಮನ್ಸ್‌ನಲ್ಲಿ ಹುಡುಕಿ. ಪ್ರತಿ ಚಿತ್ರದ ಜೊತೆ ನಾಲ್ಕು ವಿಷಯ ಬರೆಯಿರಿ: ಚಿತ್ರದ ಹೆಸರು, ಮಾಡಿದವರ ಹೆಸರು, ಕೊಂಡಿ, ಪರವಾನಗಿ. ಕತ್ತರಿಸಿದ್ದರೆ, ಬಣ್ಣ ಬದಲಿಸಿದ್ದರೆ ಅದನ್ನೂ ಹೇಳಿ. ಆ ಚಿತ್ರಕ್ಕೆ ಯಾರೋ ದಿನಗಟ್ಟಲೆ ಕೂತಿರುತ್ತಾರೆ, ಎರಡು ನಿಮಿಷ ನಾವು ಕೊಡಬಹುದು ಅಲ್ವಾ?

ಕ್ರಿಯೇಟಿವ್ ಕಾಮನ್ಸ್ ಅಂದರೆ ಕೆಲವು ಷರತ್ತಿನ ಮೇಲೆ ಬಳಸಿಕೊಳ್ಳಿ ಅಂತ ಕರ್ತೃವೇ ಮೊದಲೇ ಕೊಡುವ ಪರವಾನಗಿ. ಆ ಹೆಸರು ಕಂಡ ತಕ್ಷಣ ಏನು ಬೇಕಾದರೂ ಮಾಡಬಹುದು ಅಂದುಕೊಳ್ಳಬೇಡಿ. ಈ ಪರವಾನಗಿಗಳು 2002ರಿಂದ ಇವೆ, ಇನ್ನೂ ಜನ ಪರವಾನಗಿಯ ಹೆಸರಿನಲ್ಲಿರುವ ಷರತ್ತಿನ ಅಕ್ಷರಗಳನ್ನು ಓದುವುದಿಲ್ಲ. ‘ಎನ್‌ಡಿ’ ಇದ್ದರೆ ಬದಲಿಸಿದ್ದನ್ನು ಹಂಚುವಂತಿಲ್ಲ, ಅನುವಾದವೂ ಬದಲಾವಣೆಯೇ. ಎಷ್ಟೋ ಶಿಕ್ಷಕರು ಇಲ್ಲೇ ಎಡವುತ್ತಾರೆ, ರಾತ್ರಿಯೆಲ್ಲ ಕೂತು ಅನುವಾದ ಮಾಡಿ ಆಮೇಲೆ ನನ್ನನ್ನು ಕೇಳುತ್ತಾರೆ. ‘ಎಸ್‌ಎ’ ಇದ್ದರೆ ನೀವು ಅದನ್ನು ಬದಲಿಸಿ ಮಾಡಿದ್ದನ್ನೂ ಅದೇ ಪರವಾನಗಿಯಲ್ಲಿ ಕೊಡಬೇಕು. ‘ಎನ್‌ಸಿ’ ಇದ್ದರೆ ಹಣ ಮಾಡುವ ಬಳಕೆ ಬೇಡ. ನೀವು ಶಿಕ್ಷಕರೋ ಅಲ್ಲವೋ ಅನ್ನುವುದು ಅಲ್ಲಿ ಮುಖ್ಯವಲ್ಲ, ಬಳಕೆ ಎಂಥದ್ದು ಅನ್ನುವುದು ಮುಖ್ಯ. ಜಾಹೀರಾತು ಬರುವ ಚಾನೆಲ್ ಆದರೆ ‘ಎನ್‌ಸಿ’ ಚಿತ್ರವನ್ನು ನಾನಂತೂ ಮುಟ್ಟುವುದಿಲ್ಲ. ಇದು ಜಾಸ್ತಿ ಎಚ್ಚರಿಕೆ ಅನ್ನಿಸಬಹುದು, ಅನ್ನಿಸಲಿ.

ಪರವಾನಗಿ ಕಾಣುವ ಪುಟದ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಕರ್ತೃ ಮುಂದೆ ಮನಸ್ಸು ಬದಲಿಸಿದರೂ ನಿಮಗೆ ಆಗಲೇ ಸಿಕ್ಕ ಕ್ರಿಯೇಟಿವ್ ಕಾಮನ್ಸ್ ಹಕ್ಕನ್ನು ಹಿಂದಕ್ಕೆ ಪಡೆಯಲು ಆಗುವುದಿಲ್ಲ, ಆದರೆ ಆ ಪರವಾನಗಿ ಇತ್ತು ಅಂತ ತೋರಿಸಬೇಕಲ್ಲ.

ಪ್ರಶ್ನೆ: ಚಿತ್ರದ ಮೇಲೆ ಕಾಪಿರೈಟ್ ಗುರುತೇ ಇಲ್ಲ. ಹಾಗಾದರೆ ಫ್ರೀ ಅಲ್ವಾ?

ಉತ್ತರ: ಅಲ್ಲ. ಕಾಪಿರೈಟ್ ಸಿಗಲು ಗುರುತು, ನೋಂದಣಿ ಯಾವುದೂ ಬೇಡ ಅಂತ ಬರ್ನ್ ಒಪ್ಪಂದದಲ್ಲಿ 1908ರಲ್ಲೇ ಬಂದಿದೆ.

ಪ್ರಶ್ನೆ: ಹಾಡಿನ 30 ಸೆಕೆಂಡ್ ಬಳಸಿದರೆ ತೊಂದರೆ ಇಲ್ಲವಂತೆ?

ಉತ್ತರ: ಇದು ಸುಮ್ನೆ ಹಬ್ಬಿದ ಮಾತು. ಹೇಳಿದವರನ್ನೇ ಯಾವ ಕಾನೂನಿನಲ್ಲಿದೆ ಅಂತ ಕೇಳಿ.

ಪ್ರಶ್ನೆ: ಲೇಖಕರಿಗೆ ಮೇಲ್ ಬರೆದೆ, ಉತ್ತರವೇ ಇಲ್ಲ. ಅವರ ಪಾಠವನ್ನು ನಮ್ಮ ವೆಬ್‌ಸೈಟ್‌ಗೆ ಹಾಕಿಬಿಡಲಾ?

ಉತ್ತರ: ಬೇಡ. ಮೌನವೇ ಒಪ್ಪಿಗೆ ಅನ್ನುವುದು ಇಲ್ಲಿ ನಡೆಯುವುದಿಲ್ಲ. ಕೊಂಡಿ ಕೊಡಿ, ಮಕ್ಕಳು ಅಲ್ಲೇ ಹೋಗಿ ಓದಲಿ.