ಹಳೆಯ ಹಾಯಿದೋಣಿಯಲ್ಲಿ ಅಡುಗೆ ಗ್ಯಾಸ್ ಸಿಲಿಂಡರನ್ನು ಒಳಗೆ, ಒಲೆ ಪಕ್ಕದಲ್ಲೇ ಇಡಬಹುದಾ?

ಬೇಡವೇ ಬೇಡ. ಸಿಲಿಂಡರ್ ಡೆಕ್ (ದೋಣಿಯ ಮೇಲ್ಹಾಸು) ಮಟ್ಟದಲ್ಲಿ, ಅದಕ್ಕೆಂದೇ ಮಾಡಿದ ಪೆಟ್ಟಿಗೆಯಲ್ಲಿ ನೆಟ್ಟಗೆ ನಿಂತಿರಬೇಕು. ಪೆಟ್ಟಿಗೆಯ ಮುಚ್ಚಳ ಮೇಲ್ಗಡೆ ತೆರೆಯಬೇಕು. ದೋಣಿಯ ಒಳಗಡೆಗೆ ಒಂದು ಸಂದೂ ಇರಬಾರದು. ಪೆಟ್ಟಿಗೆಯ ತಳದಿಂದ ಒಂದು ಕೊಳವೆ ಹೊರಗೆ, ನೀರಿನ ಮಟ್ಟಕ್ಕಿಂತ ಮೇಲೆ ತೆರೆದಿರಬೇಕು.

ಯಾಕೆಂದರೆ ಈ ಗ್ಯಾಸ್ ಗಾಳಿಗಿಂತ ಭಾರ. ಅದರಲ್ಲಿರುವ ಪ್ರೊಪೇನ್ ಸುಮಾರು 1.5 ಪಟ್ಟು, ಬ್ಯುಟೇನ್ 2 ಪಟ್ಟು. ಮನೆಯಲ್ಲಿ ಸೋರಿದರೆ ಬಾಗಿಲು ತೆಗೆದು ಹೊರಗೆ ಬಿಡಬಹುದು. ದೋಣಿಯ ಒಡಲು ಬಟ್ಟಲಿದ್ದ ಹಾಗೆ, ಸೋರಿದ್ದೆಲ್ಲ ತಳಕ್ಕಿಳಿದು ಅಲ್ಲೇ ನಿಲ್ಲುತ್ತದೆ. ಗಾಳಿಯಲ್ಲಿ ಶೇ 2ರಷ್ಟು ಸೇರಿದರೂ ಸಾಕು, ತಳದ ನೀರೆತ್ತುವ ಪಂಪಿನ ಒಂದು ಕಿಡಿಗೆ ಸಿಡಿಯಬಹುದು.

ಹಳೆ ದೋಣಿಗಳಲ್ಲಿ ಸಿಲಿಂಡರನ್ನು ಹಿಂಭಾಗದ ಸೀಟಿನ ಕೆಳಗೆ, ಹಗ್ಗ ತುಂಬಿದ ಗೂಡಿನಲ್ಲಿ ತುರುಕಿರುವುದು ಜಾಸ್ತಿ. ನನಗೆ ಹೆಚ್ಚು ಭಯ ಅದೇ ಜಾಗದ್ದು. ಎಲ್ಲ ಹೊರಗೆ ತೆಗೆದು ಟಾರ್ಚ್ ಹಾಕಿ ನೋಡಿ. ವೈರ್ ಎಳೆಯಲು ಯಾವತ್ತೋ ಕೊರೆದ ತೂತು, ಅಂಟು ಬಿಟ್ಟ ಪ್ಲೈವುಡ್ ಮೂಲೆ, ಇವೆಲ್ಲ ಗ್ಯಾಸ್ ಒಳಗಿಳಿಯುವ ದಾರಿಗಳೇ. ಪೆಟ್ಟಿಗೆಗೆ ಒಂದು ಚೊಂಬು ನೀರು ಸುರಿಯಿರಿ. ಪೂರ್ತಿ ಹೊರಗೆ ಬಂದರೆ ಕೊಳವೆ ಸರಿಯಿದೆ. ಇಲ್ಲದಿದ್ದರೆ ಎಲ್ಲೋ ಕಟ್ಟಿಕೊಂಡಿದೆ, ಇಲ್ಲವೇ ಒಳಗೆ ಸೋರುತ್ತಿದೆ.

ಪೈಪಿಗೆ ಪೆಟ್ಟಿಗೆಯಿಂದ ಒಲೆವರೆಗೆ ನಡುವೆ ಜಾಯಿಂಟ್ ಬೇಡ. ತುದಿಗಳಲ್ಲಿರುವ ಜಾಯಿಂಟುಗಳನ್ನು ಸೋಪಿನ ನೀರು ಹಚ್ಚಿ ಪರೀಕ್ಷಿಸಿ, ಬೆಂಕಿಕಡ್ಡಿ ಗೀರಿ ಅಲ್ಲ. ಅಡುಗೆ ಮುಗಿದ ಮೇಲೆ ಒಲೆಯ ನಾಬ್ ಆರಿಸಿದರೆ ಸಾಲದು, ಸಿಲಿಂಡರಿನ ವಾಲ್ವ್ ಕೂಡ ಮುಚ್ಚಿ.